ಯಾವ ಮುಖ ಬೇಕಮ್ಮ?

ಹಾಸನದ ಪೇಟೆಯೊಳಗೆ ಒಂದು ಡ್ರಾಮಾ ಸೀನರಿ ಅಂಗಡಿ ಇದೆ, ನಾಟಕದ ಬಟ್ಟೆ, ಕಿರೀಟ, ಗದೆ ಬಾಡಿಗೆಗೆ ಕೊಡುವುದು. ಹೆಸರು ಹಾಕುವುದಿಲ್ಲ. ಹೊಗಳುವುದರ ಜೊತೆ ಬೈಯುವುದೂ ಇದೆ, ಮತ್ತೆ ನಾಳೆ ಅದೇ ಅಂಗಡಿ ಮೆಟ್ಟಿಲು ಹತ್ತಬೇಕಾದವಳು ನಾನು.

ನಾನು ಬ್ಲೌಸ್ ಹೊಲಿಯುವವಳು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ತಿರುವಿ ಹಾಕಿ ಒಳಗಿನ ಹೊಲಿಗೆ ನೋಡುವುದು ಚಟ. ಹೋದ ಗಣಪತಿ ಹಬ್ಬಕ್ಕೆ ನಮ್ಮ ಬೀದಿ ಹೆಂಗಸರು ಸೇರಿ ಪೆಂಡಾಲಿನಲ್ಲಿ ನಾಟಕ ಆಡಿದೆವು. ವಿರಾಟಪರ್ವ, ಕೀಚಕ ಸಾಯುವವರೆಗೆ. ಎಲ್ಲ ಪಾರ್ಟೂ ಹೆಂಗಸರದ್ದೇ. ಡ್ರೆಸ್ ಸೆಟ್ಟು ತರುವ ಕೆಲಸ ನನ್ನ ತಲೆಗೆ ಬಂತು, ಟೈಲರ್ ಅಲ್ವಾ.

ಒಳಗೆ ಕಾಲಿಟ್ಟರೆ ನುಸಿಗುಳಿಗೆ ವಾಸನೆ. ಕಿರೀಟಗಳನ್ನು ಪಾತ್ರೆ ಅಂಗಡಿಯ ಹಾಗೆ ಒಂದರೊಳಗೊಂದು ಜೋಡಿಸಿದ್ದಾರೆ. ಗದೆ ಹತ್ತೋ ಹನ್ನೆರಡೋ ಮೂಲೆಯಲ್ಲಿ ಒರಗಿವೆ. ಗೋಡೆ ತುಂಬ ಮುಖವಾಡ. ಯಜಮಾನರು ಮಾತ್ರ ಮುಖವಾಡ ಅನ್ನುವುದಿಲ್ಲ. 'ಯಾವ ಮುಖ ಬೇಕಮ್ಮ?' ಅಂತ ಕೇಳುತ್ತಾರೆ. ಹನುಮಂತನ ಮುಖ, ನರಸಿಂಹನ ಮುಖ, ಕೋಡಿರುವ ರಾಕ್ಷಸನ ಮುಖ. ಹೊಸ ಮನೆಗೆ ದೃಷ್ಟಿ ಆಗದಿರಲಿ ಅಂತ ಕಟ್ಟುವ ಮುಖವೂ ಅಲ್ಲೇ ನೇತಾಡುತ್ತದೆ. ಊರ ದೇವತೆಯ ಜಾತ್ರೆಯಲ್ಲಿ ಕುಣಿಯುವ ಸೋಮನ ಮುಖ ಇದೆಯಾ ಅಂತ ಕೇಳಿದೆ, ಸುಮ್ನೆ. ಅವರು ಕೈ ಮುಗಿದರು. 'ಅದು ದೇವ್ರು ಕಣಮ್ಮ, ಬಾಡಿಗೆಗೆ ಕೊಡಾದಲ್ಲ.' ಸರಿಯಾದ ಮಾತೇ. ನನ್ನ ತವರಿನ ಜಾತ್ರೆಯಲ್ಲೂ ಮರದ ಆ ದೊಡ್ಡ ಮುಖ ಹೊತ್ತು ಕುಣಿಯುತ್ತಾ ಬಂದರೆ, ಮುಖವಾಡ ಬಂತು ಅಂತ ಯಾರೂ ಹೇಳುವುದಿಲ್ಲ. ಸೋಮ ಬಂದ ಅಂತಲೇ ಅನ್ನುತ್ತಾರೆ.

ಮೊದಲು ಹೊಗಳಿಕೆ. ಈ ಮನುಷ್ಯನಿಗೆ ವೇಷ ಅಂದರೆ ಏನು ಅಂತ ಗೊತ್ತು.

ನನಗೆ ಅರ್ಜುನನ ಪಾರ್ಟು. ಆದರೆ ವಿರಾಟಪರ್ವದಲ್ಲಿ ಅರ್ಜುನ ಎಲ್ಲಿರುತ್ತಾನೆ? ಅಜ್ಞಾತವಾಸ. ಅವನು ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸುತ್ತಿರುತ್ತಾನೆ. ಧರ್ಮರಾಯ ಕಂಕಭಟ್ಟ, ಭೀಮ ಅಡುಗೆಮನೆಯಲ್ಲಿ ವಲಲ, ನಕುಲ ಕುದುರೆ ಲಾಯದಲ್ಲಿ, ಸಹದೇವ ದನದ ಕೊಟ್ಟಿಗೆಯಲ್ಲಿ, ದ್ರೌಪದಿ ಸೈರಂಧ್ರಿಯಾಗಿ ರಾಣಿ ಸುದೇಷ್ಣೆಯ ತಲೆ ಬಾಚುವವಳು. 12 ವರ್ಷ ಕಾಡಿನಲ್ಲಿದ್ದು, 13ನೇ ವರ್ಷ ಹೀಗೆ. ಅಂದರೆ ನಾನು ಹೆಂಗಸು, ಗಂಡಸಿನ ಪಾರ್ಟು ಹಾಕಿ, ಆ ಗಂಡಸು ಮತ್ತೆ ಸೀರೆ ಉಡಬೇಕು. 'ಬಾಡಿಗೆ ಯಾಕೆ, ಮನೇಲಿರೋ ಸೀರೇಲೇ ಹೋಗೇ' ಅಂತ ನಮ್ಮ ಸೈರಂಧ್ರಿ ಬಿದ್ದೂ ಬಿದ್ದೂ ನಕ್ಕಳು.

ಯಜಮಾನರು ನಗಲಿಲ್ಲ. 'ನೀವು ಹಂಗೇ ನಿಂತ್ರೆ ಉತ್ತರೆಯ ಅವ್ವ ಬಂದ್ಳು ಅನ್ಕತಾರೆ ಜನ' ಅಂದರು. ಆಮೇಲೆ ಒಳಗಿನಿಂದ ಒಂದು ಡಬ್ಬ ತಂದರು. ಅದರ ತುಂಬ ಬಿಳಿ ಬಳೆ, ಅಗಲ ಅಗಲ. ಶಂಖದ ಬಳೆ ಅಂತ ಲೆಕ್ಕ, ವಸ್ತು ಪ್ಲಾಸ್ಟಿಕ್. ಎರಡೂ ಕೈಗೆ ಮೊಣಕೈವರೆಗೆ ಏರಿಸಿದರು. ಅರ್ಜುನನ ಕೈ ಮೇಲೆ ಬಿಲ್ಲಿನ ಹೆದೆ ಉಜ್ಜಿ ಉಜ್ಜಿ ಗಾಯದ ಗುರುತು ಇರುತ್ತದೆ, ಅದನ್ನು ಮುಚ್ಚೋಕೆ ಅವನು ಬಳೆ ಹಾಕಿದ್ದು ಅಂತ ಹೇಳಿದರು. ಕಥೆ ನಾನೂ ಕೇಳಿದ್ದೆ. ಆದರೆ ಮುಂದೆ ಮಾಡಿದ್ದು ನೋಡಿ. ಎಡಗೈ ಬಳೆ ಹಿಂದೆ ಸರಿಸಿ, ಬೆರಳ ತುದಿಯಲ್ಲಿ ಕಂದು ಬಣ್ಣ ತೆಗೆದು ಎರಡು ಗೀರು ಎಳೆದರು. ಬಳೆ ಮತ್ತೆ ಮುಂದಕ್ಕೆ ಎಳೆದರು. 'ಕೈ ಮೇಲೆತ್ತಿ.' ಎತ್ತಿದೆ. ಬಳೆ ಜಾರಿ ಗೀರು ಕಂಡಿತು.

'ವಿರಾಟನಿಗೆ ಗೊತ್ತಾಗ್ಬಾರ್ದು. ಮುಂದೆ ಕೂತಿರೋ ಜನಕ್ಕೆ ಗೊತ್ತಾಗ್ಬೇಕು. ಅಷ್ಟೇ ಕಣಮ್ಮ ವೇಷ.'

ಹೀಗೇ ಒಬ್ಬೊಬ್ಬರಿಗೂ. ವಲಲನಿಗೆ ಕೈಯಲ್ಲಿ ಸೌಟು, ತಲೆಗೆ ಟವಲು, ಆದರೆ ಭೀಮನ ದಪ್ಪ ಮೀಸೆ ಹಾಗೇ ಇರಲಿ ಅಂದರು. ಕತ್ತಲಲ್ಲಿ ಕೀಚಕನಿಗೆ ಕಾಯುವ ಸೀನಿನಲ್ಲಿ ಅದೇ ವಲಲ ಸೀರೆ ಮುಸುಕು ಹಾಕಿ ಕೂರಬೇಕು. ಮುಸುಕಿನ ಅಂಚಿಂದ ಮೀಸೆಯ ತುದಿ ಒಂದಿಷ್ಟು ಹೊರಗೆ. ಪೆಂಡಾಲಿನಲ್ಲಿ ಅವತ್ತು ಬಿದ್ದ ಸಿಳ್ಳೆಯಲ್ಲಿ ಅರ್ಧ ಆ ಮೀಸೆಗೇ ಬಿದ್ದದ್ದು.

ಬಟ್ಟೆ ವಿಷಯ. ಮಖಮಲ್ಲಿನ ಕೋಟುಗಳು ಹಳೆಯವು, ಆದರೆ ಕೆಲಸ ಗಟ್ಟಿ. ತಿರುವಿ ನೋಡಿದರೆ ಒಳಗೆ ಚೀಟಿ ಹೊಲಿದಿದ್ದಾರೆ: 'ದುರ್ಯೋಧನ 2', 'ಕರ್ಣ ದೊಡ್ಡದು'. ಕಾಲರಿನಲ್ಲಿ ಎಷ್ಟೋ ದುರ್ಯೋಧನರ ಕತ್ತಿನ ಬಣ್ಣ ಪದರ ಪದರವಾಗಿ ಕೂತಿದೆ. ತೊಳೆದರೆ ಜರಿ ಹೋಗುತ್ತದೆ, ಬಿಸಿಲಿಗೆ ಹಾಕುತ್ತೇವೆ ಅಂತಾರೆ. ಮೈ ಸೂಕ್ಷ್ಮ ಇರುವವರು ಒಳಗೆ ಒಂದು ತೆಳು ಕಾಟನ್ ಬನಿಯನ್ ಹಾಕಿಕೊಳ್ಳಿ. ಹೆಂಗಸರ ಅಳತೆ ಅವರಲ್ಲಿ ಇಲ್ಲವೇ ಇಲ್ಲ. ಎಲ್ಲ ಕೋಟಿನ ಭುಜಕ್ಕೂ ನಾನೇ ರಾತ್ರಿ ಕೂತು ಟಾಕು ಹಾಕಿದೆ.

ಈಗ ಬೈಗುಳ. ಮುಂದುಗಡೆ ದಾರದಲ್ಲಿ ನೇತುಹಾಕಿರುವ ಪ್ಲಾಸ್ಟಿಕ್ ಮುಖಗಳನ್ನು ದಯವಿಟ್ಟು ತರಬೇಡಿ.

ನಾಟಕ ಆಗಿ ತಿಂಗಳಿಗೆ ಮಗನ ಸ್ಕೂಲಿನಲ್ಲಿ ಛದ್ಮವೇಷ ಸ್ಪರ್ಧೆ. (ಛದ್ಮ ಅಂದರೆ ಕಪಟ, ಮೋಸ. ಮಕ್ಕಳಾಟಕ್ಕೆ ಎಂಥ ಹೆಸರು! ಯಜಮಾನರ ಬಾಯಲ್ಲಿ ಅದು 'ಚದ್ಮೇಸ'.) ಅವನಿಗೆ ನರಸಿಂಹನೇ ಆಗಬೇಕು. 120 ರೂಪಾಯಿ ಕೊಟ್ಟು ಆ ಮುಖ ತಂದೆ. ಎಲಾಸ್ಟಿಕ್ಕನ್ನು ಹೊಲಿದಿಲ್ಲ, ಸ್ಟೇಪ್ಲರ್ ಪಿನ್ ಹೊಡೆದಿದ್ದಾರೆ. ಪಿನ್ನಿನ ತುದಿ ಕೆನ್ನೆ ಕಡೆಗೇ. ಅದನ್ನು ಮನೆಯಲ್ಲಿ ನಾನೇ ಬಿಚ್ಚಿ ಹೊಲಿದೆ. ಕಣ್ಣಿನ ತೂತು ದೊಡ್ಡವರ ಅಳತೆಗೆ, ಹುಡುಗನಿಗೆ ಒಂದೇ ಕಣ್ಣು ಕಾಣುತ್ತದೆ. ಇಷ್ಟೆಲ್ಲ ನೋಡಿದವಳು ಮುಖ್ಯವಾದದ್ದನ್ನೇ ನೋಡಲಿಲ್ಲ: ಬಾಯಿಗೆ ತೂತೇ ಇಲ್ಲ! ಸ್ಟೇಜಿನ ಮೇಲೆ ಮಗ 'ಎಲವೋ ಹಿರಣ್ಯಕಶಿಪು' ಅಂತ ಅಬ್ಬರಿಸಿದ್ದು ಒಳಗೇ ಉಳಿಯಿತು. ಹೊರಗೆ ಗುಂಯ್ ಅಂತ ಒಂದು ಸದ್ದು. ನಾಲ್ಕು ಹೆಜ್ಜೆ ಮುಂದೆ ಬಂದು ಮೈಕಿನ ಕಂಬಕ್ಕೆ ಢಿಕ್ಕಿ. ಮುಖ ತೆಗೆದಾಗ ಕೂದಲಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಮಾರನೇ ದಿನ ಹೋಗಿ ಕೇಳಿದೆ. 'ಅದು ನೋಡಾಕಿರಾದಮ್ಮ, ಮಾತಾಡಾಕಲ್ಲ.' ಇದನ್ನು ಮೊದಲೇ ಹೇಳಬಾರದಿತ್ತೇ ಯಜಮಾನರೇ? ಅರ್ಜುನನ ಗೀರಿಗೆ ಅಷ್ಟು ತಲೆ ಕೆಡಿಸಿಕೊಂಡವರು ಈ ಮುಖಗಳನ್ನು ಒಂದು ಸಲ ತಮ್ಮ ಮುಖಕ್ಕೆ ಹಾಕಿ ನೋಡಿಲ್ಲ. ನಾನೂ 2020ರಲ್ಲಿ ಮನೆ ಖರ್ಚಿಗೆ ಮಾಸ್ಕ್ ಹೊಲಿದವಳು. ಪೇಪರಿನಲ್ಲಿ ಮುಖಗವಸು ಅಂತ ಬರೆಯುತ್ತಿದ್ದರು, ಬಾಗಿಲಿಗೆ ಬಂದವರು ಮಾತ್ರ 'ಎರಡು ಮಾಸ್ಕ್ ಕೊಡಕ್ಕ' ಅಂತಲೇ ಕೇಳಿದ್ದು. ಪ್ರತಿ ಹೊಸ ಅಳತೆಯನ್ನೂ ಹಾಕಿಕೊಂಡು, ಮೆಟ್ಟಿಲು ಹತ್ತಿ ಇಳಿದು, ಉಸಿರು ಸರಿಯಾಗಿ ಆಡುತ್ತದಾ ನೋಡಿಯೇ ಕೊಡುತ್ತಿದ್ದೆ. ಮಕ್ಕಳಿಗೆ ಮುಖಕ್ಕೆ ಬಣ್ಣ ಹಚ್ಚಿಸಿ, ಸಾಕು. ಬಣ್ಣಕ್ಕೆ ಅವರದೇ ಹುಡುಗ ಬರುತ್ತಾನೆ, ಕೈ ಚೆನ್ನಾಗಿದೆ. ಮೀಸೆ ಅಂಟಿಸುವ ಗಮ್ ಮಾತ್ರ ಮೊದಲು ಕೈ ಮೇಲೆ ಹಚ್ಚಿ ನೋಡಿ, ನಮ್ಮ ಕಂಕಭಟ್ಟಳಿಗೆ ಎರಡು ದಿನ ತುಟಿ ಮೇಲೆ ಕೆಂಪು ಗುಳ್ಳೆ.

ದುಡ್ಡು. ಸೆಟ್ಟಿಗೆ ಒಂದು ರಾತ್ರಿಗೆ 350, ಕಿರೀಟ ಭುಜಕೀರ್ತಿ ಸೇರಿ. ನಮ್ಮಿಂದ ಅಡ್ವಾನ್ಸ್ 2000 ತಗೊಂಡರು. ಮಾರನೇ ದಿನ ಮಧ್ಯಾಹ್ನದೊಳಗೆ ವಾಪಸ್ ಕೊಡಬೇಕು. ಗದೆಯ ಕತ್ತಿನಲ್ಲಿ ಬಿರುಕು ಬಿಟ್ಟಿದೆ ಅಂತ ನಮಗೆ 300 ಹಿಡಿದರು. ಆ ಬಿರುಕು ಮೊದಲೇ ಇತ್ತು, ಅದರ ಮೇಲೆ ಬಂಗಾರದ ಬಣ್ಣ ಬಳಿದಿದ್ದರು! ಅಜ್ಞಾತವಾಸದಲ್ಲಿದ್ದ ಬಿರುಕು ಅದು. ತರುವ ಮೊದಲು ಪ್ರತಿಯೊಂದರದ್ದೂ ಫೋಟೋ ತೆಗೆದುಕೊಳ್ಳಿ, ನಾನು ತೆಗೆಯಲಿಲ್ಲ.

ಒಂದು ಮಾತು ಮುಚ್ಚಿಡಬಾರದು. ವಾಪಸ್ ಕೊಡುವಾಗ ಯಜಮಾನರು ಒಂದು ಕೋಟಿನ ಭುಜ ತಿರುವಿ ನೋಡಿ, 'ಯಾರು ಹಾಕಿದ್ದು ಈ ಟಾಕು?' ಅಂದರು. ಈಗ ಅವರ ನಾಲ್ಕು ಕೋಟು ನನ್ನ ಮೆಷಿನ್ ಪಕ್ಕದಲ್ಲಿವೆ, ಹೆಂಗಸರ ಅಳತೆಗೆ ಚಿಕ್ಕದು ಮಾಡಲು. ಕೂಲಿ ಮಾತಾಡಿ ಆಗಿದೆ. ಆ 300 ಮಾತ್ರ ಇನ್ನೂ ಬಂದಿಲ್ಲ.