ಎಡಿನ್‌ಬರೋದಲ್ಲಿ ಒಂದು ದಿನ, ಹತ್ತಲು ಮೂರು ಎತ್ತರ

ಸ್ಕಾಟ್‌ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ನಮಗಿದ್ದದ್ದು ಜೂನ್ ತಿಂಗಳ ಒಂದೇ ಒಂದು ದಿನ. ನಾಲ್ವರು ಗೆಳೆಯರಲ್ಲಿ ಒಬ್ಬನಿಗೆ ಕೋಟೆಯೇ ಬೇಕು, ಇನ್ನೊಬ್ಬಳಿಗೆ ಆರ್ಥರ್ಸ್ ಸೀಟ್ ಬೆಟ್ಟ, ನನಗೆ ಕಾಲ್ಟನ್ ಗುಡ್ಡ. ನಾಲ್ಕನೆಯವನು, ‘ಮೂರನ್ನೂ ಹತ್ತೋಣ, ಯಾವುದು ಮೇಲೆಂದು ಆಮೇಲೆ ವಾದಿಸೋಣ’ ಎಂದ. ಹಾಗೆಯೇ ಮಾಡಿದೆವು.

ಬೆಳಿಗ್ಗೆ ಮೈಯಲ್ಲಿ ಕಸುವಿದ್ದಾಗಲೇ ಆರ್ಥರ್ಸ್ ಸೀಟ್. ಹೋಲಿರೂಡ್ ಅರಮನೆಯ ಬಳಿಯಿಂದ ಹೊರಟು ತುದಿ ಮುಟ್ಟಲು ಒಂದು ಗಂಟೆ ಹಿಡಿಯಿತು. ಎತ್ತರ 251 ಮೀಟರ್ ಅಷ್ಟೇ, ಆದರೆ ಕೊನೆಯ ಏರಿನಲ್ಲಿ ಜನರ ಕಾಲು ಸವೆದು ಕಲ್ಲು ನುಣ್ಣಗಾಗಿದೆ. ಹಿಡಿತವಿರುವ ಬೂಟು ಇಲ್ಲದಿದ್ದರೆ ಕಷ್ಟ. ಸುಮಾರು 34 ಕೋಟಿ ವರ್ಷಗಳ ಹಿಂದೆ ಉರಿದು ತಣ್ಣಗಾದ ಜ್ವಾಲಾಮುಖಿ ಇದು. ಪಕ್ಕದ ಸಾಲಿಸ್‌ಬರಿ ಕ್ರ್ಯಾಗ್ಸ್ ಎಂಬ ಬಂಡೆಗೋಡೆಯಲ್ಲಿ, ಕರಗಿದ ಶಿಲೆ ಹಳೆಯ ಪದರಗಳ ನಡುವೆ ನುಗ್ಗಿ ಗಟ್ಟಿಯಾದದ್ದನ್ನು ಭೂವಿಜ್ಞಾನಿ ಜೇಮ್ಸ್ ಹಟನ್ ಗುರುತಿಸಿದ್ದು ಹದಿನೆಂಟನೆಯ ಶತಮಾನದಲ್ಲಿ.

ತುದಿಯಲ್ಲಿ ನಿಂತಾಗಲೇ ಊರಿನ ಆಕಾರ ನನಗೆ ಅರ್ಥವಾದದ್ದು. ಕೋಟೆಯ ಬಂಡೆಯೂ ಜ್ವಾಲಾಮುಖಿಯದೇ. ಹಿಮಯುಗದಲ್ಲಿ ಪಶ್ಚಿಮದಿಂದ ಬಂದ ಹಿಮನದಿಗೆ ಆ ಗಟ್ಟಿ ಬಂಡೆ ಜಗ್ಗಲಿಲ್ಲ. ಅದರ ಮರೆಯಲ್ಲಿದ್ದ ಮೆದು ಶಿಲೆ ಕೊಚ್ಚಿಹೋಗದೆ ಪೂರ್ವಕ್ಕೆ ಬಾಲದಂತೆ ಇಳಿಜಾರಾಗಿ ಉಳಿಯಿತು. ಆ ಬಾಲದ ಬೆನ್ನಿನ ಮೇಲೆಯೇ ರಾಯಲ್ ಮೈಲ್ ಬೀದಿ ಓಡುತ್ತದೆ. ಬೀದಿಯಲ್ಲಿ ಎಷ್ಟು ನಡೆದರೂ ಇದು ಕಾಣುವುದಿಲ್ಲ.

ಒಂದು ಗಂಟೆಗೆ ಮುಂಚೆಯೇ ಕಾಲ್ಟನ್ ಗುಡ್ಡದಲ್ಲಿರಬೇಕೆಂದು ನಾನು ಹಟ ಹಿಡಿದಿದ್ದೆ. ಅಲ್ಲಿ ಹತ್ತುವುದೇನೂ ಹೆಚ್ಚಿಲ್ಲ, ಹತ್ತು ನಿಮಿಷ ಸಾಕು. ನೆಪೋಲಿಯನ್ ಯುದ್ಧಗಳಲ್ಲಿ ಮಡಿದವರ ನೆನಪಿಗೆಂದು ಗ್ರೀಸಿನ ಪಾರ್ಥೆನಾನ್ ದೇಗುಲದ ಮಾದರಿಯಲ್ಲಿ 1826ರಲ್ಲಿ ಆರಂಭಿಸಿ, ಹಣ ಸಾಲದೆ 1829ರಲ್ಲಿ ಕೈಬಿಟ್ಟ ಸ್ಮಾರಕದ ಹನ್ನೆರಡು ಕಂಬಗಳು ಅಲ್ಲಿವೆ. ಅದರ ಜಗಲಿ ಎದೆಮಟ್ಟಕ್ಕಿದೆ; ಒಬ್ಬರಿಗೊಬ್ಬರು ಕೈಕೊಟ್ಟು ಹತ್ತಿ ಕುಳಿತು, ಡಬ್ಬಿಯ ಪುಳಿಯೋಗರೆ ಬಿಚ್ಚಿದೆವು. ಎದುರಿಗೆ ನೆಲ್ಸನ್ ಗೋಪುರ. ಅದರ ತುದಿಯ ಕಂಬದ ಮೇಲೇರಿ ನಿಂತಿದ್ದ, ಚೆಂಡಿನಂಥ ದೊಡ್ಡ ಗುಂಡು ಸರಿಯಾಗಿ ಒಂದಕ್ಕೆ ಸರ್ರನೆ ಕೆಳಗಿಳಿಯಿತು. ಒಂದು, ಎರಡು, ಮೂರು ಎಣಿಸಿದೆ. ಆಗ ಕೋಟೆಯ ತೋಪಿನ ಸದ್ದು ಬಂತು. ಎರಡೂ ಒಂದೇ ಕ್ಷಣದ ಗುರುತುಗಳು. ನಡುವಿನದು ಶಬ್ದ ಒಂದು ಕಿಲೋಮೀಟರಿಗೂ ಮಿಕ್ಕ ದೂರ ದಾಟಲು ಹಿಡಿದ ಹೊತ್ತು. ಹಿಂದೆ ಲೀತ್ ಬಂದರಿನ ಹಡಗುಗಳು ಈ ಗುಂಡು ಇಳಿಯುವುದನ್ನು ನೋಡಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದವು. ಮಂಜು ಕವಿದರೆ ಅದು ಕಾಣದು, ಹಾಗಾಗಿ 1861ರಿಂದ ತೋಪು. ಭಾನುವಾರ ತೋಪು ಹಾರಿಸುವುದಿಲ್ಲ, ನೆನಪಿರಲಿ.

ಕೋಟೆಗೆ ಮಧ್ಯಾಹ್ನ ಹೋದೆವು. ಬೆಟ್ಟ, ಗುಡ್ಡ ಎರಡಕ್ಕೂ ಶುಲ್ಕವಿಲ್ಲ. ಇಲ್ಲಿ ಟಿಕೆಟ್ ಬೇಕು, ಜನಜಂಗುಳಿಯೂ ಹೆಚ್ಚು. ಸ್ಕಾಟ್ ರಾಜರ ಕಿರೀಟವಿಟ್ಟಿರುವ ಕೋಣೆಯಲ್ಲಿ ಸಾಲು ನಿಲ್ಲಲೇ ಬಿಡದೆ ಮುಂದೆ ತಳ್ಳಿತು. 1449ರ ಮಾನ್ಸ್ ಮೆಗ್ ಫಿರಂಗಿ ಆರು ಟನ್ ತೂಗುತ್ತದೆ, ಮಕ್ಕಳಿದ್ದರೆ ಖಂಡಿತ ತೋರಿಸಿ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಕೋಟೆಯೊಳಗೆ ನಿಂತವರಿಗೆ ಕೋಟೆಯೇ ಕಾಣುವುದಿಲ್ಲ! ಆ ನೋಟ ಕಾಲ್ಟನ್ ಗುಡ್ಡದ್ದು. ಒಂದೇ ಗಂಟೆ ಇರುವವರಿಗೆ ನಾನು ಹೇಳುವುದೂ ಅದನ್ನೇ. ಅರ್ಧ ದಿನವಿದ್ದು, ಮೊಣಕಾಲು ಗಟ್ಟಿಯಿದ್ದರೆ ಆರ್ಥರ್ಸ್ ಸೀಟ್‌ಗೆ ಸಾಟಿಯಿಲ್ಲ.

ಆದರೂ ಕೋಟೆ ಬೇಕೆಂದಿದ್ದ ಗೆಳೆಯನ ಮಾತನ್ನು ತೆಗೆದುಹಾಕಲಾರೆ. ಕೋಟೆಯೊಳಗಿನ ಸೇಂಟ್ ಮಾರ್ಗರೆಟ್ ಪ್ರಾರ್ಥನಾ ಮಂದಿರ ಹನ್ನೆರಡನೆಯ ಶತಮಾನದ್ದು, ಊರಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಕಟ್ಟಡ. 1314ರಲ್ಲಿ ಸ್ಕಾಟ್ ದೊರೆ ರಾಬರ್ಟ್ ಬ್ರೂಸ್‌ನ ಕಡೆಯವರು ಕೋಟೆಯನ್ನು ಇಂಗ್ಲಿಷರಿಂದ ವಶಪಡಿಸಿಕೊಂಡು ಕೆಡವಿದಾಗಲೂ ಇದೊಂದನ್ನು ಮುಟ್ಟಲಿಲ್ಲ. ಇಪ್ಪತ್ತು ಜನ ನಿಂತರೆ ತುಂಬಿಹೋಗುವಷ್ಟು ಪುಟ್ಟದು. ಹೊರಗಿನ ಗದ್ದಲ ಬಾಗಿಲಲ್ಲೇ ನಿಂತುಹೋಯಿತು. ಸಣ್ಣ ಕಿಟಕಿಯ ಬಣ್ಣದ ಗಾಜಿನಿಂದ ಬಿದ್ದ ಬೆಳಕಿನಲ್ಲಿ ಅವನು ಬರಿಗೈಯಿಂದ ಗೋಡೆಯ ಕಲ್ಲು ಸವರುತ್ತ ಬಹಳ ಹೊತ್ತು ನಿಂತಿದ್ದ. ನಾವು ಮೂವರೂ ಅವನನ್ನು ಕರೆಯಲಿಲ್ಲ.