ಓಂಗಿ ಜಾಡಿ: ಬೆರಳಗೆರೆ ನೋಡಿ ಕೊಳ್ಳಿ

ಹುದುಗಿಸಿದ ತರಕಾರಿಯಾದ ಕಿಮ್ಚಿ, ಸೋಯಾ ಸಾಸ್ ಮುಂತಾದವನ್ನು ಇಡುವ ಕೊರಿಯಾದ ಕಂದು ಮಣ್ಣಿನ ಜಾಡಿಗೆ ಅಲ್ಲಿನವರು ಓಂಗಿ ಎನ್ನುತ್ತಾರೆ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದರ ಹೊಟ್ಟೆಯ ಮೇಲಿನ ಚಿತ್ತಾರ. ಹುಲ್ಲಿನ ಎಸಳು, ಅಲೆ, ಒಮ್ಮೊಮ್ಮೆ ಮೀನು, ಹಕ್ಕಿ. ಇವು ಕುಂಚದಲ್ಲಿ ಬರೆದವಲ್ಲ. ಕಟ್ಟಿಗೆ ಬೂದಿಯನ್ನೂ ಕೊಳೆತ ಎಲೆಯ ಮಣ್ಣನ್ನೂ ಕದಡಿದ ಮೆರುಗಿನ ನೀರಲ್ಲಿ ಹಸಿ ಜಾಡಿಯನ್ನು ಅದ್ದಿ ತೆಗೆದು, ಅದು ಆರುವಷ್ಟರಲ್ಲಿ ಕುಂಬಾರರು ಬೆರಳುಗಳನ್ನು ಸರ್ರನೆ ಎಳೆದುಬಿಡುತ್ತಾರೆ. ಎಲ್ಲ ಕೆಲವೇ ಕ್ಷಣಗಳ ಕೆಲಸ. ಬೆರಳು ಸರಿದಲ್ಲಿ ಮೆರುಗು ತೆಳುವಾಗುತ್ತದೆ, ಗೆರೆಯ ಅಂಚಿನಲ್ಲಿ ದಪ್ಪಗೆ ನಿಲ್ಲುತ್ತದೆ. ಕಣ್ಣು ಮುಚ್ಚಿ ಸವರಿದರೂ ಆ ಏರುತಗ್ಗು ಕೈಗೆ ಸಿಗಬೇಕು. ಅಂಗಡಿಯಲ್ಲಿ ಎರಡು ಜಾಡಿಗಳ ಮೇಲೆ ಒಂದೇ ಹುಲ್ಲು ಒಂದೇ ಕಡೆ ಬಾಗಿದ್ದರೆ ಅದು ಅಚ್ಚಿನ ಮಾಲು.

ಅಂದಕ್ಕಿಂತ ದೊಡ್ಡ ವಿಷಯ ಹೊಳಪು. ಬೂದಿ ಮೆರುಗು ಮಂಕು ಕಂದು ಬಣ್ಣದ್ದು, ಅದು ಕರಗಲು ಸುಮಾರು 1,200 ಡಿಗ್ರಿ ಉರಿ ಬೇಕು. 20ನೇ ಶತಮಾನದಲ್ಲಿ ಸೌದೆ ಉಳಿಸಲು ಕೆಂಪು ಸೀಸದ ಮೆರುಗು ಬಳಸುವುದು ಹರಡಿತು. ಕಡಿಮೆ ಉರಿಗೇ ಕರಗಿ ಕನ್ನಡಿಯಂತೆ ಮಿಂಚುವ ಮೆರುಗು ಅದು. ಹುಳಿಯಾದ ಕಿಮ್ಚಿ ತಾಗಿದರೆ ಸೀಸ ಊಟಕ್ಕೆ ಇಳಿಯುತ್ತದೆ. ಹಳೆ ಸಾಮಾನಿನಂಗಡಿಯಲ್ಲಿ ಮಿರಮಿರ ಮಿಂಚುವ ಕೆಂಗಂದು ಜಾಡಿ ಎಷ್ಟೇ ಚೆಂದ ಕಂಡರೂ ಅಡುಗೆಮನೆಗೆ ತರಬೇಡಿ, ಹೂವಿಡಲು ಸಾಕು.

ಒಳ್ಳೆಯ ಓಂಗಿಯ ಮಣ್ಣಿನಲ್ಲಿ ಒರಟು ಮರಳಿನ ಕಣಗಳಿರುತ್ತವೆ. ಬೆಂದಾಗ ಅವುಗಳ ಸುತ್ತ ಸಣ್ಣ ರಂಧ್ರಗಳು ಉಳಿದು, ಗಾಳಿ ಒಳಹೊರಗೆ ಆಡುತ್ತದೆ. ನಮ್ಮ ಉಪ್ಪಿನಕಾಯಿ ಪಿಂಗಾಣಿ ಭರಣಿ ಹಾಗಲ್ಲ, ಅದು ಪೂರ್ತಿ ಮುಚ್ಚಿದ ಪಾತ್ರೆ. ಆದ್ದರಿಂದ ಎಣ್ಣೆಯ ಉಪ್ಪಿನಕಾಯಿಗೆ ಭರಣಿಯೇ ಸರಿ. ಓಂಗಿಯ ಗೋಡೆ ಎಣ್ಣೆ ಕುಡಿದರೆ ಆ ಕಮಟು ಮತ್ತೆ ಹೋಗದು.

ಆಕಾರಕ್ಕೂ ಕಾರಣವಿದೆ. ರಾಜಧಾನಿ ಸೋಲ್ ಸುತ್ತಮುತ್ತಲ ಜಾಡಿ ಉದ್ದ, ಬಾಯಿ ಅಗಲ. ಬಿಸಿಲು ಹೆಚ್ಚಿರುವ ದಕ್ಷಿಣದ ಜೊಲ್ಲಾ, ಗ್ಯೊಂಗ್ಸಾಂಗ್ ಕಡೆಯದಕ್ಕೆ ಹೆಗಲು ಅಥವಾ ಹೊಟ್ಟೆ ಉಬ್ಬು, ಬಾಯಿ ಕಿರಿದು, ನೀರು ಬೇಗ ಆರದು. ಸೆಕೆಯ ಊರಿನವರು ಎರಡನೆಯದನ್ನೇ ಆರಿಸಿ. ದಕ್ಷಿಣ ಕೊರಿಯಾದ ಉಲ್ಸಾನ್ ನಗರದ ಬಳಿಯ ಓಯೆಗೊಸಾನ್ ಓಂಗಿ ಊರಿನಲ್ಲಿ ಹಲವು ಅಳತೆಯ ಜಾಡಿಗಳು ಸಿಗುತ್ತವೆ.

ಕೊಳ್ಳುವ ಮುನ್ನ ಬೆರಳಗೆಣ್ಣಿನಿಂದ ತಟ್ಟಿ. ಸದ್ದು ಖಣ್ ಎಂದು ಬರಬೇಕು, ದಡ್ ಎಂದರೆ ಬಿರುಕು. ಮನೆಗೆ ತಂದು ಕಂಠದವರೆಗೆ ನೀರು ತುಂಬಿ ಒಂದು ದಿನ ಬಿಡಿ. ತಳದಲ್ಲಿ ತೊಟ್ಟಿಕ್ಕಿದರೆ ವಾಪಸ್ ಕೊಡಿ. ಹಳಬರು ಜಾಡಿಯನ್ನು ಬೋರಲು ಹಾಕಿ ಒಳಗೆ ಹುಲ್ಲು ಹೊಗೆಯಾಡಿಸುತ್ತಾರೆ. ಬಿರುಕಿದ್ದರೆ ಹೊಗೆ ಹೊರಗೆ ಬರುತ್ತದೆ, ಜೊತೆಗೆ ಒಳಗೂ ಶುದ್ಧವಾಗುತ್ತದೆ. ಸೋಪು ಮಾತ್ರ ಬೇಡ. ರಂಧ್ರಗಳಲ್ಲಿ ಉಳಿದು ಮುಂದಿನ ಹುದುಗಿಗೆ ಸೇರುತ್ತದೆ. ಅಕ್ಕಿ ತೊಳೆದ ನೀರು, ಕಲ್ಲುಪ್ಪು, ಒರಟು ನಾರು ಸಾಕು. ಆಮೇಲೆ ಬಿಸಿಲಲ್ಲಿ ಪೂರ್ತಿ ಒಣಗಿಸಿ, ಅರೆಬರೆ ಒಣಗಿದರೆ ಬೂಷ್ಟು ಹಿಡಿಯುತ್ತದೆ.

ಕಿಮ್ಚಿಯನ್ನು ಐದರಲ್ಲಿ ನಾಲ್ಕು ಭಾಗಕ್ಕಿಂತ ಹೆಚ್ಚು ತುಂಬಬಾರದು, ರಸ ಉಕ್ಕಿ ಹರಿಯುತ್ತದೆ. ಸೋಯಾ ಸಾಸ್‌ಗೆ 4 ಲೀಟರ್ ನೀರಿಗೆ 1 ಕಿಲೋ ಉಪ್ಪು ಕರಗಿಸಿ, ತೊಳೆದ ಹಸಿ ಕೋಳಿಮೊಟ್ಟೆ ಬಿಡಿ. ಅದು ತೇಲಿ, ನಾಣ್ಯದಷ್ಟು ಅಗಲ ನೀರ ಮೇಲೆ ಕಂಡರೆ ಹದ ಸರಿ. ಮುಳುಗಿದರೆ ಉಪ್ಪು ಸಾಲದು, ಹಾಗೇ ಮುಂದುವರಿದರೆ ಕೊಳೆಯುತ್ತದೆ. ಹುದುಗಿ ಒಣಗಿದ ಸೋಯಾ ಇಟ್ಟಿಗೆ 'ಮೆಜು', ಒಣಮೆಣಸಿನಕಾಯಿ, ಇದ್ದಿಲು ಹಾಕಿ 40 ರಿಂದ 60 ದಿನ ಬಿಟ್ಟು ಸೋಸಿದರೆ ರಸ ಗಾಂಜಾಂಗ್ (ಸೋಯಾ ಸಾಸ್), ಉಳಿದ ಗಟ್ಟಿ ದ್ವೆಂಜಾಂಗ್ (ಸೋಯಾ ಪೇಸ್ಟ್).

ತೊಂದರೆಗಳೂ ಇವೆ, ಮುಚ್ಚಿಡುವಂಥವಲ್ಲ. ಕೈಯಲ್ಲಿ ಮಾಡಿದ ಮುಚ್ಚಳ ಬಿಗಿಯಾಗಿ ಕೂರದು. ಸಂದಿಯಲ್ಲಿ ನೊಣ ಹೊಕ್ಕು ಮೊಟ್ಟೆ ಇಟ್ಟರೆ ಇಡೀ ಹುದುಗು ಹಾಳು. ತೆಳು ಬಟ್ಟೆ ಹಾಸಿ ರಬ್ಬರ್ ಹಾಕಿ, ಇಲ್ಲವೇ ಜಾಲರಿಯಿರುವ ಗಾಜಿನ ಮುಚ್ಚಳ ಕೊಳ್ಳಿ, ಫ್ಲಾಟ್‌ಗಳಿಗೆ ಅದು ನಿಜಕ್ಕೂ ಉಪಕಾರಿ. ಬಿಸಿಲಿದ್ದಾಗ ಬೆಳಗ್ಗೆ ತೆರೆದು ಸಂಜೆಗೆ ಮೊದಲು ಮುಚ್ಚಬೇಕು. ಎತ್ತುವಾಗ ಕಂಠ ಹಿಡಿಯಬೇಡಿ, ತಳಕ್ಕೆ ಕೈ ಕೊಡಿ. ನೆಲಕ್ಕೆ ನೇರ ಇಡದೆ ಎರಡು ಇಟ್ಟಿಗೆ ಮೇಲೆ ಕೂರಿಸಿದರೆ ತಳಕ್ಕೂ ಗಾಳಿ. ಹೊರಮೈಯಲ್ಲಿ ಬಿಳಿ ಉಪ್ಪು ಕಟ್ಟಿದರೆ ಹೆದರಬೇಡಿ, ಕೊರಿಯನ್ನರು ಅದನ್ನು ಉಪ್ಪಿನ ಹೂ ಎನ್ನುತ್ತಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಲವು ದಿನಗಳಲ್ಲಿ ಮತ್ತೆ ಅರಳುತ್ತದೆ.