ನನ್ನ ಟೈಪಿಂಗ್ ಪಕ್ಕಕ್ಕಿಟ್ಟ ಡಾಕ್ಟರು: ಕಲಬುರಗಿಯ ಒಂದು ಮನೋವೈದ್ಯರ ಕ್ಲಿನಿಕ್

ಐದಕ್ಕೆ ನಾಲ್ಕು ಸ್ಟಾರ್. ಕ್ಲಿನಿಕ್ ಹೆಸರು ಬರೆಯುವುದಿಲ್ಲ. ನಮ್ಮ ಊರು ದೊಡ್ಡದಾದರೂ ಓಣಿ ಸಣ್ಣದು, ಯಾರ ತಮ್ಮ ಅಂತ ಸಂಜೆಯೊಳಗೆ ಗೊತ್ತಾಗಿಬಿಡುತ್ತದೆ. ಇಂಥ ಡಾಕ್ಟರು ಬೇಕಾದವರು ಸರಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ನಾನು ಕೋರ್ಟ್ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬಾಂಡ್ ಪೇಪರ್, ಅಫಿಡವಿಟ್, ಬಾಡಿಗೆ ಕರಾರು. ಮಂದಿ ಬಂದು ತಮ್ಮ ಮಾತಲ್ಲಿ ಹೇಳುತ್ತಾರೆ, ನಾನು ಅದನ್ನ ಕಾಗದದ ಕನ್ನಡ ಮಾಡಿ ಕೊಡುತ್ತೇನೆ. "ಅಂವ ನಮ್ಮ ಹೊಲ ಒತ್ಯಾನ್ರಿ" ಅಂದರೆ "ಸದರಿ ವ್ಯಕ್ತಿಯು ನಮ್ಮ ಜಮೀನನ್ನು ಅತಿಕ್ರಮಿಸಿರುತ್ತಾನೆ". ಹನ್ನೊಂದು ವರ್ಷದ ಚಟ ಇದು. ಈ ಚಟದಿಂದ ಏನಾಯಿತು ಅನ್ನೋದೇ ಇಲ್ಲಿ ಮುಖ್ಯ.

ತಮ್ಮನಿಗೆ ಇಪ್ಪತ್ತು ವರ್ಷ. ಇಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲ್. ದಸರಾ ರಜೆಗೆ ಮನೆಗೆ ಬಂದವನು ವಾಪಸ್ ಹೋಗಲಿಲ್ಲ. ರಾತ್ರಿಯೆಲ್ಲ ಎಚ್ಚರ. ಮೊಬೈಲ್ ಕ್ಯಾಮೆರಾಕ್ಕೆ ಟೇಪ್ ಅಂಟಿಸಿಕೊಂಡಿದ್ದ. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದ. ಸಿಟಿ ಬಸ್ ಹತ್ತಿದರೆ ಎರಡೇ ಸ್ಟಾಪಿಗೆ ಇಳಿದುಬಿಡುತ್ತಿದ್ದ. ಅವ್ವ ಅವನನ್ನ ಗಾಣಗಾಪುರಕ್ಕೆ ಕರೆದುಕೊಂಡು ಹೋದಳು. ನಮ್ಮ ಕಡೆ ಮೊದಲು ನೆನಪಾಗೋದು ಅದೇ ಅಲ್ವಾ. ದತ್ತನ ಪಾದುಕೆ ಮುಂದೆ ಕೂತು ಬಂದ ಮೇಲೆ ಅವ್ವನಿಗೆ ಸಮಾಧಾನ ಆಯಿತು. ತಮ್ಮ ಬರುವಾಗ ಬಸ್ಸಲ್ಲಿ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನದ ಆರತಿ ಹೊತ್ತಿಗೆ ಅಲ್ಲಿ ಚೀರಾಡುವವರನ್ನ ನೋಡಿದ್ದ. ಮನೆಗೆ ಬಂದು ನನ್ನ ಒಬ್ಬಳಿಗೇ ಕೇಳಿದ: "ನಾನೂ ಹಂಗ ಆಗ್ತೀನೇನಕ್ಕ?"

ಆ ರಾತ್ರಿ ಒಂದೂವರೆಗೆ ಮಾಳಿಗೆ ಮೇಲಿಂದ 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಹೆಣ್ಣುಮಗಳು ಊಟ ಕೇಳಿದರು, ನಿದ್ದೆ ಕೇಳಿದರು. ಸಾಯುವ ಮಾತು ಆಡುತ್ತಾನಾ ಅಂತ ನೇರವಾಗಿ ಕೇಳಿದರು. ನನಗೆ ಎದೆ ಧಸಕ್ ಅಂತು. ಇಲ್ಲ ಅಂದೆ. ಜಾಸ್ತಿ ಆಗಲಿ ಅಂತ ಕಾಯಬೇಡಿ, ಮನೋವೈದ್ಯರಿಗೆ ತೋರಿಸಿ ಅಂದರು.

ಈಗ ಕ್ಲಿನಿಕ್. ಮೊದಲು ಬೈದುಬಿಡುತ್ತೇನೆ. ಎದುರಿಗೆ ಬಸ್ ಸ್ಟಾಪ್. ಬೋರ್ಡಿನ ಅಕ್ಷರ ಅಲ್ಲಿ ನಿಂತವರಿಗೆಲ್ಲ ಕಾಣುವಷ್ಟು ದೊಡ್ಡದು. ಒಳಗೆ ಹೋಗುವ ಹೊತ್ತಿಗೆ ತಮ್ಮ ಅರ್ಧ ಸತ್ತಿದ್ದ. ಎರಡೂವರೆ ತಾಸು ಕಾಯಿಸಿದರು. ನಂಬರ್ ಕೊಟ್ಟಿದ್ದರೂ ಹೆಸರು ಹಿಡಿದು ಕೂಗುತ್ತಾರೆ, ಅದೂ ತಂದೆ ಹೆಸರು ಸೇರಿಸಿ. ಕೈಗೆ ಕೊಟ್ಟ ಫಾರ್ಮ್ ಅಂತೂ ನನ್ನ ಅಫಿಡವಿಟ್‌ಗಿಂತ ಕಷ್ಟ. "ಶ್ರವಣ ಭ್ರಮೆಗಳು ಉಂಟಾಗುತ್ತವೆಯೇ?" ತಮ್ಮ ಕೇಳಿದ: "ಶ್ರಾವಣ ಅಂತ ಬರೀಬೇಕಿತ್ತೇನಕ್ಕ, ಉಪವಾಸದ್ದು ಕೇಳ್ಯಾರೇನು?" ಇಬ್ಬರೂ ನಕ್ಕೆವು. ಎಷ್ಟೋ ದಿನದ ಮೇಲೆ ಅವನು ನಕ್ಕಿದ್ದು ಅದೇ, ಹಾಗಾಗಿ ಫಾರ್ಮಿಗೆ ಜಾಸ್ತಿ ಬೈಯಲ್ಲ.

ನಾನು ಮನೆಯಿಂದಲೇ ಒಂದು ಪುಟ ಟೈಪ್ ಮಾಡಿ ತಂದಿದ್ದೆ. "ಯಾರೋ ತನ್ನನ್ನು ಹೆಸರು ಹಿಡಿದು ಕರೆಯುತ್ತಾರೆಂದು ಹೇಳುತ್ತಾನೆ. ಸಹಪಾಠಿಗಳು ತನ್ನ ವಿರುದ್ಧ ಪಿತೂರಿ ನಡೆಸುತ್ತಿದ್ದಾರೆಂದು ನಂಬಿದ್ದಾನೆ." ಡಾಕ್ಟರು ಪೂರ್ತಿ ಓದಿದರು. ಪೇಪರ್‌ವೇಟ್ ಕೆಳಗೆ ಇಟ್ಟರು. ಆಮೇಲೆ ತಮ್ಮನ ಕಡೆ ತಿರುಗಿ, "ಇದು ನಿಮ್ಮಕ್ಕನ ಕನ್ನಡ. ನೀ ಹೆಂಗ ಹೇಳಿದ್ದಿ ತಮ್ಮಾ?" ಅಂದರು.

ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ. "ಕರದಂಗ ಆಗ್ತದ ಸರ್. ಹೊಳ್ಳಿ ನೋಡಿದ್ರ ಯಾರೂ ಇರಲ್ಲ. ಯಾರೂ ಕರದಿಲ್ಲ ಅಂತ ನಂಗೂ ಗೊತ್ತದ."

"ಮತ್ತ ಪಿತೂರಿ?"

"ನಾ ಹಂಗ ಅಂದಿಲ್ರಿ. ನನ್ನ ಬಗ್ಗೇನೆ ಮಾತಾಡ್ಲಾಕತ್ತಾರೇನೋ ಅನಸ್ತದ."

"ಕರದಂಗ" ಅನ್ನೋದರ ಬಾಲ ನಾನು ಕತ್ತರಿಸಿದ್ದೆ. "ಏನೋ" ಕೂಡ ಹಾರಿಸಿದ್ದೆ. ಕಾಗದದಲ್ಲಿ ಅವು ಚೆಂದ ಕಾಣಲ್ಲ ಅಂತ. ಡಾಕ್ಟರು ನಿಧಾನಕ್ಕೆ ವಿವರಿಸಿದರು. ಈ ಅನುಮಾನ ಉಳಿದಿರೋತನಕ ಅದು ಒಂದು ಸ್ಥಿತಿ. ಅನುಮಾನ ಹೋಗಿ ಬರೀ "ಕರೀತಾರ" ಅಂತ ಉಳಿದರೆ ಅದು ಬೇರೆ ಸ್ಥಿತಿ, ಅದನ್ನ ಸೈಕೋಸಿಸ್ ಅನ್ನುತ್ತಾರೆ. ನನ್ನ ಒಂದು ಪುಟ ತಮ್ಮನನ್ನ ಒಂದು ಮೆಟ್ಟಿಲು ಮುಂದಕ್ಕೆ ನೂಕಿತ್ತು.

ಮಾತಿನ ಬಾಲ ಒಂದನ್ನೇ ಅವರೂ ನಂಬಲಿಲ್ಲ. ಎಷ್ಟು ಸಲ, ಯಾವಾಗಿಂದ, ಮನೆತನದಲ್ಲಿ ಯಾರಿಗಾದರೂ ಇತ್ತಾ, ಎಲ್ಲ ಕೇಳಿದರು. "ನೂರಕ್ಕ ಎಷ್ಟು ಖರೇ ಅನಸ್ತದ?" ಅಂದರು. "ಹಗಲ್ಹೊತ್ತು ಹತ್ತು. ರಾತ್ರಿ ಅರವತ್ತು." ನಮಗೆ ಯಾರಿಗೂ ಹೀಗೆ ಕೇಳಬಹುದು ಅಂತಲೇ ಹೊಳೆದಿರಲಿಲ್ಲ.

ಒಂದು ಸ್ಟಾರ್ ಪೂರ್ತಿ ಅಲ್ಲಿನ ಕೌನ್ಸೆಲರ್ ಮೇಡಂಗೆ. ಅವರಿಗೆ ದಖನಿ, ಅಂದರೆ ನಮ್ಮ ಕಡೆಯ ಉರ್ದು, ಬರುತ್ತದೆ. ತಮ್ಮ ಬೆಳೆದದ್ದು ಓಣಿಯ ಹುಡುಗರ ಜೊತೆ ಅದೇ ಮಾತಲ್ಲಿ ಕ್ರಿಕೆಟ್ ಆಡಿಕೊಂಡು. ಕನ್ನಡದಲ್ಲಿ, ಅದೂ ಅವ್ವನ ಮುಂದೆ, ಹುಚ್ಚು ಅನ್ನೋ ಪದ ಅವನ ಬಾಯಿಂದ ಬರುತ್ತಿರಲಿಲ್ಲ. ಇಂಗ್ಲಿಷಲ್ಲಿ ಕೇಳಿದರೆ "ಐ ಆಮ್ ಓಕೆ" ಅಷ್ಟೇ. ಮೇಡಂ ಮುಂದೆ ಮಾತ್ರ ಬಂತು: "ಮೇರಾ ದಿಮಾಗ್ ಖರಾಬ್ ಹೋರಾ ಕ್ಯಾ ಮೇಡಂ?" ಯಾವ ಹೆಸರಿಂದ ಕರೆದಂಗ ಆಗುತ್ತದೆ ಅಂತ ಕೇಳಿದವರೂ ಅವರೇ. ಮನೆ ಹೆಸರಿಂದಂತೆ. ಹಾಸ್ಟೆಲಲ್ಲಿ ಒಬ್ಬರಿಗೂ ಗೊತ್ತಿಲ್ಲದ ಹೆಸರು ಅದು, ಅದಕ್ಕೇ ಅಷ್ಟು ಹೆದರಿದ್ದ. ಇನ್ನೊಂದು ಹೇಳಿದ. ಹಲ್ಲುಜ್ಜುವಾಗ ಕೈ ತನ್ನದಲ್ಲದಂಗ, ಕನ್ನಡಿಯಲ್ಲಿರೋನು ಸ್ವಲ್ಪ ತಡವಾಗಿ ನೋಡಿದಂಗ. ಇದನ್ನ ನಾನು ಟೈಪ್ ಮಾಡಿರಲೇ ಇಲ್ಲ, ಯಾಕಂದರೆ ನನಗೆ ಹೇಳಿರಲೇ ಇಲ್ಲ. ನಮ್ಮನ್ನ ಹೊರಗೆ ಕಳಿಸಿ ಗಾಂಜಾ ಬಗ್ಗೆಯೂ ಕೇಳಿದ್ದಾರೆ. ಎರಡು ಸಲ ಸೇದಿದ್ದನಂತೆ. ಅದನ್ನ ನನಗೆ ತಮ್ಮನೇ ಆಮೇಲೆ ಹೇಳಿದ. ಇಂಥ ಹುಡುಗರಿಗೆ ಗಾಂಜಾ ಅಪಾಯ ಹೆಚ್ಚಿಸುತ್ತದೆ, ಮುಟ್ಟಲೇಬೇಡ ಅಂದರಂತೆ.

ಅವ್ವನಿಗೆ ರೋಗದ ಹೆಸರು ಬೇಕಿತ್ತು. "ಹೆಸರಿಡೋದು ಈಗ ಬ್ಯಾಡಮ್ಮ, ರಿಸ್ಕ್ ಅದ ಅಷ್ಟೇ" ಅಂದರು ಡಾಕ್ಟರು. ಇಂಥ ಸ್ಥಿತಿಯಲ್ಲಿರುವ ಹುಡುಗರಲ್ಲಿ ಮೂರು ವರ್ಷದೊಳಗೆ ಸೈಕೋಸಿಸ್‌ಗೆ ಹೋಗುವವರು ಸುಮಾರು ನಾಲ್ಕರಲ್ಲಿ ಒಬ್ಬರು. ಅವ್ವನಿಗೆ ಕೇಳಿಸಿದ್ದು ಆ ಒಬ್ಬ ಮಾತ್ರ. ವಾರಗಟ್ಟಲೆ ಅತ್ತಳು. ಸೈಕೋಸಿಸ್ ಮಾತ್ರೆಯನ್ನ ಡಾಕ್ಟರು ಈಗಲೇ ಶುರು ಮಾಡಲಿಲ್ಲ. ನಿದ್ದೆ ಸರಿಮಾಡು, ವಾರಕ್ಕೊಮ್ಮೆ ಮೇಡಂ ಹತ್ತಿರ ಬಾ, ಅನುಮಾನ ಬಂದಾಗ ಹೇಗೆ ಪರೀಕ್ಷೆ ಮಾಡಿಕೊಳ್ಳಬೇಕು ಅಂತ ಕಲಿ. ಅಷ್ಟು ದುಡ್ಡು ಕೊಟ್ಟು ಗುಳಿಗಿ ಇಲ್ಲವೇ ಅಂತ ಅವ್ವನಿಗೆ ಇವತ್ತಿಗೂ ಸಿಟ್ಟು.

ನಾನು ಪದಗಳ ಕೆಲಸದವಳು, ಮನೆಗೆ ಬಂದು ಮೊಬೈಲಲ್ಲಿ ಓದುತ್ತಾ ಕೂತೆ. ರೋಗಕ್ಕೆ ಮೊದಲೇ ಹುಡುಗರನ್ನ ಗುರುತಿಸುವ ಈ ಕೆಲಸ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1990ರ ದಶಕದಲ್ಲಿ ಶುರುವಾಯಿತು, ಪ್ಯಾಟ್ರಿಕ್ ಮೆಕ್‌ಗೋರಿ, ಆಲಿಸನ್ ಯಂಗ್ ಅನ್ನುವ ವೈದ್ಯರಿಂದ. ಈ ಸ್ಥಿತಿಗೆ ರೋಗದ ಹೆಸರು ಕೊಡಬೇಕೋ ಬೇಡವೋ ಅಂತ ಅಮೆರಿಕದವರೂ ಜಗ್ಗಾಡಿದ್ದಾರೆ. 2013ರ ಅವರ ಮನೋರೋಗಗಳ ಕೈಪಿಡಿಯಲ್ಲಿ ಇದನ್ನ ಇನ್ನೂ ಅಧ್ಯಯನ ಆಗಬೇಕಾದ ಪಟ್ಟಿಗೆ ಹಾಕಿದರು. ನನಗೆ ತುಂಬಾ ಹಿಡಿಸಿದ್ದು ಜಪಾನಿನವರ ಕೆಲಸ. ಸೈಕೋಸಿಸ್ ಬರುವ ರೋಗಗಳಲ್ಲಿ ಒಂದಾದ ಸ್ಕಿಜೋಫ್ರೇನಿಯಾಕ್ಕೆ ಅಲ್ಲಿ "ಮನಸ್ಸು ಒಡೆದ ರೋಗ" ಅನ್ನೋ ಅರ್ಥದ ಹೆಸರಿತ್ತು. ರೋಗಿಗಳ ಮನೆಯವರು ಬೇಡ ಅಂದರು. 2002ರಲ್ಲಿ ಅದನ್ನ ತೆಗೆದು, ಜೋಡಣೆ ತಪ್ಪಿದ್ದು ಅನ್ನೋ ಅರ್ಥದ ಹೆಸರಿಟ್ಟರು. ಒಡೆದದ್ದಕ್ಕೂ ಜೋಡಣೆ ತಪ್ಪಿದ್ದಕ್ಕೂ ಎಷ್ಟು ಫರಕ್ ಅದ, ಹೌದಲ್ಲ?

ಐದು ತಿಂಗಳಾಯಿತು. ಎರಡು ಸಬ್ಜೆಕ್ಟ್ ಬಾಕಿ ಉಳಿದಿವೆ. ಕ್ಯಾಮೆರಾದ ಟೇಪ್ ಇನ್ನೂ ಹಾಗೇ ಇದೆ. ರಾತ್ರಿಯ ಅರವತ್ತು ಈಗ ಇಪ್ಪತ್ತೈದಕ್ಕೆ ಬಂದಿದೆ, ನಡುವೆ ಒಂದು ವಾರ ಮತ್ತೆ ಐವತ್ತಾಗಿತ್ತು. ಅವನು ಹೇಳಿದ್ದನ್ನ ಒಂದು ನೋಟ್‌ಬುಕ್‌ನಲ್ಲಿ ಕೈಯಲ್ಲೇ ಬರೆಯುತ್ತೇನೆ, ಅವನು ಹೇಳಿದಂಗೇ. ಮೊನ್ನೆ ಹಿಂದೆ ನಿಂತು ಓದಿ, "ಅಕ್ಕ, 'ಅನಸ್ತದ' ಬಿಟ್ಟಿ ನೋಡು" ಅಂತ ಬೆರಳಿಟ್ಟು ತೋರಿಸಿದ. ಸೇರಿಸಿದೆ.

ಹೋಗುವವರು ಸೋಮವಾರ ಹೋಗಬೇಡಿ, ಭಾಳ ಮಂದಿ ಇರುತ್ತಾರೆ. ನೀರಿನ ಬಾಟಲಿ ತಗೊಂಡು ಹೋಗಿ. ಫ್ಯಾನ್ ಇರೋದು ಒಂದೇ ಬೆಂಚಿನ ಮೇಲೆ, ಅದು ಹತ್ತು ಗಂಟೆಗೇ ತುಂಬಿರುತ್ತದೆ.